ಸಿಯೋಲ್ ಅರಮನೆಗೆ ಹನ್‌ಬೋಕ್ ಬಾಡಿಗೆ: ಅಮ್ಮನೂ ಜೊತೆಗಿದ್ದಾರೆ, ಬೇಕಾ ಬೇಡ್ವಾ?

ಕಡ್ಲೆಕಾಯಿ ಪರಿಷೆ (ಬಸವನಗುಡಿ):

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಸಿಯೋಲ್‌ಗೆ ಹೊರಟಿದ್ದೇವೆ. ನಾನು, ನನ್ನ ಗಂಡ, 9 ವರ್ಷದ ಮಗಳು, 61 ವರ್ಷದ ಅಮ್ಮ. ಮಗಳದ್ದು ಒಂದೇ ಹಠ. ಕೊರಿಯಾದವರ ಸಾಂಪ್ರದಾಯಿಕ ಉಡುಪು ಹನ್‌ಬೋಕ್ ಹಾಕಿಕೊಂಡೇ ಗ್ಯೊಂಗ್‌ಬೋಕ್‌ಗುಂಗ್ ಅರಮನೆ ನೋಡಬೇಕಂತೆ. ಗಂಡನಿಗೆ ರಾಜನ ಉಡುಪು ಬೇಕಂತೆ. ಅಮ್ಮ ಮಾತ್ರ "ನಾನು ಸೀರೆಯಲ್ಲೇ ಬರ್ತೀನಿ, ವೇಷ ಹಾಕೋ ವಯಸ್ಸಾ ನಂದು" ಅಂತ ಕೂತಿದ್ದಾರೆ.

ನನ್ನ ಅನುಮಾನ ಬೇರೆ. ಹಿಂದೊಮ್ಮೆ ಮನಾಲಿಯಲ್ಲಿ ಬಾಡಿಗೆ ಡ್ರೆಸ್ ಹಾಕಿಕೊಂಡು ಯಾಕ್ ಮೇಲೆ ಕೂತು ಫೋಟೋ ತೆಗೆಸಿಕೊಂಡಿದ್ದೆವು. ಆ ಬಟ್ಟೆಯ ಬೆವರು ವಾಸನೆ ಇನ್ನೂ ಮೂಗಲ್ಲಿದೆ. ಇದೂ ಅದೇ ತರಹಾನಾ? ಎಷ್ಟು ದುಡ್ಡು, ಎಷ್ಟು ಹೊತ್ತು, ಎಲ್ಲಿ ತೆಗೆದುಕೊಳ್ಳಬೇಕು? ಸೀರೆ ಉಟ್ಟ ಅಮ್ಮನಿಗೆ ಇದು ಆಗುತ್ತಾ? ಹೋಗಿ ಬಂದವರು ಹೇಳಿ.

ಸುವೋನ್ ಕನ್ನಡಿಗ:

ನಾನು ಸಿಯೋಲ್ ಪಕ್ಕದ ಸುವೋನ್‌ಗೆ ಬಂದು ಆರು ವರ್ಷ ಆಯಿತು. ಊರಿಂದ ಯಾರೇ ಬಂದರೂ ಈ ಅರಮನೆ ತೋರಿಸುವ ಕೆಲಸ ನನ್ನ ತಲೆಗೇ. ಬಾಗಿಲು ಕಾಯುವವರಿಗಿಂತ ಜಾಸ್ತಿ ಸಲ ನಾನೇ ಹೋಗಿದ್ದೇನೇನೋ.

ಮೊದಲು ದಿನ ನೋಡಿಕೊಳ್ಳಿ. ಗ್ಯೊಂಗ್‌ಬೋಕ್‌ಗುಂಗ್‌ಗೆ ಮಂಗಳವಾರ ರಜೆ. ಚಾಂಗ್‌ದೊಕ್‌ಗುಂಗ್, ದೊಕ್ಸುಗುಂಗ್, ಚಾಂಗ್‌ಗ್ಯೊಂಗ್‌ಗುಂಗ್ ಈ ಮೂರು ಅರಮನೆಗೂ ಸೋಮವಾರ ರಜೆ. ಇದನ್ನು ನೋಡದೆ ಬಟ್ಟೆ ಹಾಕಿಕೊಂಡು ಮುಚ್ಚಿದ ಬಾಗಿಲ ಮುಂದೆ ನಿಂತವರನ್ನು ನಾನೇ ನೋಡಿದ್ದೇನೆ.

ಅಂಗಡಿ ಹುಡುಕುವ ಕಷ್ಟವೇ ಇಲ್ಲ. ಮೆಟ್ರೋ 3ನೇ ಲೈನಿನಲ್ಲಿ ಗ್ಯೊಂಗ್‌ಬೋಕ್‌ಗುಂಗ್ ಸ್ಟೇಷನ್‌ನಲ್ಲಿ ಇಳಿದು 4ನೇ ಗೇಟಿನಿಂದ ಹೊರಗೆ ಬನ್ನಿ. ನಮ್ಮ ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಇದ್ದ ಹಾಗೆ ಅಲ್ಲಿ ಬಾಡಿಗೆ ಅಂಗಡಿಗಳು. ಮುಂದಿನ ಸ್ಟೇಷನ್ ಆಂಗುಕ್. ಅಲ್ಲೂ ತುಂಬಾ ಇವೆ. ಅದು ಚಾಂಗ್‌ದೊಕ್‌ಗುಂಗ್‌ಗೆ ಹತ್ತಿರ.

ಬಾಡಿಗೆ ಗಂಟೆ ಲೆಕ್ಕ. 2 ಗಂಟೆ, 4 ಗಂಟೆ, ಇಡೀ ದಿನ ಅಂತ ಇರುತ್ತದೆ. ಸಾದಾ ಬಟ್ಟೆಗೆ ನನ್ನ ಅನುಭವದಲ್ಲಿ 10,000ದಿಂದ 15,000 ವಾನ್. ಜರಿ, ಕಸೂತಿ ಇದ್ದದ್ದಕ್ಕೆ 20,000, 30,000 ವಾನ್. ಒಳಲಂಗ, ಕೈಚೀಲ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತೆ. ತಲೆ ಬಾಚುವುದು ಕೆಲವು ಕಡೆ ಉಚಿತ, ಕೆಲವು ಕಡೆ ದುಡ್ಡು. ನಿಮ್ಮ ಬಟ್ಟೆ, ಬ್ಯಾಗ್ ಇಡಲು ಲಾಕರ್ ಕೊಡುತ್ತಾರೆ. ಚಪ್ಪಲಿ ಎಲ್ಲ ಕಡೆ ಸಿಗಲ್ಲ, ನಿಮ್ಮ ಶೂ ಹಾಕಿಕೊಂಡೇ ಹೋಗಿ. ಲಂಗ ನೆಲದವರೆಗೆ ಇರುವುದರಿಂದ ಯಾರಿಗೂ ಕಾಣಲ್ಲ.

ವಾಸನೆಯ ಭಯ ಬಿಡಿ. ಒಳ್ಳೆ ಅಂಗಡಿಗಳಲ್ಲಿ ಬಟ್ಟೆ ಇಸ್ತ್ರಿ ಮಾಡಿ ಸಾಲಾಗಿ ತೂಗುಹಾಕಿರುತ್ತಾರೆ.

ಇನ್ನೊಂದು ವಿಷಯ. ಹನ್‌ಬೋಕ್ ಹಾಕಿದವರಿಗೆ ಅರಮನೆ ಪ್ರವೇಶ ಉಚಿತ. 2013ರ ಅಕ್ಟೋಬರ್‌ನಿಂದ ಇದು ನಡೆದುಕೊಂಡು ಬಂದಿದೆ. ಇಲ್ಲದಿದ್ದರೆ ದೊಡ್ಡವರಿಗೆ 3,000 ವಾನ್.

ಜಿಪುಣ ಪ್ರವಾಸಿ:

3,000 ವಾನ್ ಅಂದರೆ ಇನ್ನೂರು ರೂಪಾಯಿಗೂ ಕಡಿಮೆ. ಅದನ್ನು ಉಳಿಸಲು 20,000 ವಾನ್ ಬಾಡಿಗೆ! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ಒಂದೇ ದಿನದಲ್ಲಿ ನಾಲ್ಕೂ ಅರಮನೆ ಸುತ್ತಿದರೂ ಉಳಿಯುವುದು 3,000, 3,000, 1,000, 1,000. ಒಟ್ಟು 8,000 ವಾನ್. ಆಗಲೂ ಬಾಡಿಗೆ ಹುಟ್ಟಲ್ಲ. ತಿಂಗಳ ಕೊನೆಯ ಬುಧವಾರ ಹೋದರೆ ಎಲ್ಲರಿಗೂ ಉಚಿತ, ಪ್ಯಾಂಟ್ ಹಾಕಿದವರಿಗೂ.

ಕೆ-ಡ್ರಾಮಾ ಹುಚ್ಚಿ:

ಜಿಪುಣರೇ, ಮದುವೆಗೆ ಹೋಗುವಾಗಲೂ ಊಟದ ಲೆಕ್ಕ ಹಾಕಿ ಮುಯ್ಯಿ ಕೊಡ್ತೀರಾ? ಟಿಕೆಟ್ ಉಳಿಸಲು ಯಾರೂ ಹನ್‌ಬೋಕ್ ಹಾಕಲ್ಲ. ಅರಮನೆಯೊಳಗಿನ ಗ್ಯೊಂಗ್‌ಹೋರು ಮಂಟಪದ ಮುಂದೆ, ಕೊಳದ ನೀರಲ್ಲಿ ಲಂಗದ ನೆರಳು ಬೀಳುವ ಹಾಗೆ ಒಂದು ಫೋಟೋ. ಸಾಕು, ದುಡ್ಡು ವಾಪಸ್ ಬಂತು.

ಪರಿಷೆ ಅಕ್ಕ, ನೀವು ಜರಿ ಇರುವುದನ್ನೇ ತೆಗೆದುಕೊಳ್ಳಿ. ಸಾದಾ ಹನ್‌ಬೋಕ್ ಫೋಟೋದಲ್ಲಿ ಪೇಲವವಾಗಿ ಕಾಣುತ್ತದೆ. ಬುಕಿಂಗ್ ಮೊದಲೇ ಮಾಡಿ, ಬೆಳಿಗ್ಗೆ 9 ಗಂಟೆಗೇ ಹೋಗಿ. ಹತ್ತರ ನಂತರ ಒಳ್ಳೆ ಬಣ್ಣಗಳೆಲ್ಲ ಖಾಲಿ.

ದಾರ ಸೂಜಿ (ಹುಬ್ಬಳ್ಳಿ):

ನಾನು ಹೊಲಿಗೆಯವಳು. ಇಪ್ಪತ್ತು ವರ್ಷದಿಂದ ಕುಪ್ಪಸ ಹೊಲಿಯುತ್ತಿದ್ದೇನೆ. ಹೋದ ವರ್ಷ ಮಗನ ಹತ್ತಿರ ಹೋಗಿದ್ದಾಗ ಅರಮನೆಗಿಂತ ಜಾಸ್ತಿ ಬಟ್ಟೆಯನ್ನೇ ನೋಡಿಕೊಂಡು ಬಂದೆ. ಹುಚ್ಚಿಯವರ ಮಾತು ನಾನು ಒಪ್ಪಲ್ಲ.

ಬಾಡಿಗೆ ಅಂಗಡಿಯಲ್ಲಿ ಎರಡು ಜಾತಿ ಇವೆ. ಹಳೆ ಕ್ರಮದ್ದು ಒಂದು, ಅಲ್ಲಿಯವರು ಫ್ಯೂಷನ್ ಅನ್ನುವುದು ಇನ್ನೊಂದು. ಹಳೆ ಕ್ರಮದಲ್ಲಿ ಹೆಂಗಸರಿಗೆ ಮೇಲೆ ಜೊಗೊರಿ, ಅಂದರೆ ಗಿಡ್ಡ ಕುಪ್ಪಸ. ಕೆಳಗೆ ಚಿಮಾ, ಅಂದರೆ ಲಂಗ. ಆದರೆ ಅದು ನಮ್ಮ ಲಂಗದ ಹಾಗೆ ಸೊಂಟಕ್ಕೆ ಕಟ್ಟುವುದಲ್ಲ, ಎದೆಯ ಮೇಲೆ ಕಟ್ಟುವುದು. ನೇರವಾಗಿ ಕತ್ತರಿಸಿದ ಅಗಲ ಬಟ್ಟೆಗೆ ಮೇಲೆ ಸಣ್ಣ ಸಣ್ಣ ನಿರಿಗೆ ಹಿಡಿದು ಪಟ್ಟಿಗೆ ಸೇರಿಸಿರುತ್ತಾರೆ. ಮೈಗೆ ಸುತ್ತಿ ಕಟ್ಟಿಕೊಳ್ಳುವುದು. ಹಾಗಾಗಿ ತೆಳ್ಳಗಿರುವವರಿಗೂ ಆಗುತ್ತದೆ, ನನ್ನಂಥವರಿಗೂ ಆಗುತ್ತದೆ. ಮೊದಲೆಲ್ಲ ಎದೆಯ ಸುತ್ತ ಬಿಗಿಯಾಗಿ ಕಟ್ಟುತ್ತಿದ್ದರು. ಭುಜಕ್ಕೆ ಪಟ್ಟಿ ಬಂದದ್ದು 20ನೇ ಶತಮಾನದ ಶುರುವಿನಲ್ಲಿ. ಈಗ ಭಾರವೆಲ್ಲ ಭುಜದ ಮೇಲೆ. ನಿಮ್ಮ ಅಮ್ಮನಿಗೆ ಉಸಿರು ಕಟ್ಟುತ್ತೆ ಅನ್ನುವ ಭಯ ಬೇಡ.

ಜೊಗೊರಿಯ ಕೊರಳಿಗೆ ಬಿಳಿ ಪಟ್ಟಿ ಇರುತ್ತದೆ. ಅದಕ್ಕೆ ದೊಂಗ್‌ಜೊಂಗ್ ಅನ್ನುತ್ತಾರೆ. ನಾನು ಮೊದಲು ನೋಡುವುದೇ ಅದನ್ನು. ಅದು ಬೆಳ್ಳಗೆ, ಗರಿಗರಿಯಾಗಿ ಇದ್ದರೆ ಅಂಗಡಿಯವರು ಬಟ್ಟೆ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ ಅರ್ಥ. ಹಳದಿ ಬಂದಿದ್ದರೆ ಎದ್ದು ಬನ್ನಿ.

ಮುಂದೆ ಕಟ್ಟುವ ಎರಡು ಉದ್ದ ಪಟ್ಟಿಗೆ ಗೊರುಮ್ ಅಂತ ಹೆಸರು. ಒಂದು ಉದ್ದ, ಒಂದು ಗಿಡ್ಡ. ಅದರ ಗಂಟಿಗೆ ಒಂದೇ ಕಿವಿ ಬರಬೇಕು. ಬೂಟಿನ ಲೇಸಿನ ಹಾಗೆ ಎರಡು ಕಿವಿ ಬಂದರೆ ತಪ್ಪು. ಅರಮನೆ ಅಂಗಳದಲ್ಲಿ ನಿಂತು ಎಣಿಸಿ, ಅರ್ಧ ಜನರದ್ದು ಎರಡು ಕಿವಿ!

ಫ್ಯೂಷನ್ ಅನ್ನುವುದರಲ್ಲಿ ಬೆನ್ನ ಹಿಂದೆ ದೊಡ್ಡ ರಿಬ್ಬನ್, ಮೇಲೆಲ್ಲ ಲೇಸು, ಒಳಗೆ ತಂತಿಯ ಬಳೆ ಹಾಕಿದ ಒಳಲಂಗ. ಚಿನ್ನದ ಬಣ್ಣದ ಅಚ್ಚು. ನಿಜವಾದ ಚಿನ್ನದ ಹಾಳೆಯ ಅಚ್ಚಿಗೆ ಗುಂಬಾಕ್ ಅನ್ನುತ್ತಾರೆ. ಆಗಿನ ಕಾಲಕ್ಕೆ ಅದು ರಾಜಮನೆತನದವರ ಬಟ್ಟೆಗೆ ಮಾತ್ರ. ಈಗ ಹಾಳೆಯೂ ಅಲ್ಲ, ಚಿನ್ನವೂ ಅಲ್ಲ, ಉಜ್ಜಿದರೆ ಬೆರಳಿಗೆ ಅಂಟುತ್ತದೆ.

ನನ್ನ ಸಲಹೆ ಇಷ್ಟೇ. ಮಗಳು ಏನು ಬೇಕಾದರೂ ಹಾಕಲಿ, ಮಕ್ಕಳದ್ದು ಬಿಡಿ. ಅಮ್ಮನಿಗೆ ಮಾತ್ರ ಹಳೆ ಕ್ರಮದ್ದೇ ಕೇಳಿ. ಅದರ ಹೆಸರು "ಜೊಂತೊಂಗ್ ಹನ್‌ಬೋಕ್". ಸೀರೆ ಉಟ್ಟು ಗೊತ್ತಿರುವವರಿಗೆ ಅದು ಹೊಸದು ಅನ್ನಿಸುವುದೇ ಇಲ್ಲ.

ಕೆ-ಡ್ರಾಮಾ ಹುಚ್ಚಿ:

ಅಕ್ಕ, ಬೈದಿದ್ದೀರಾ ಹೊಗಳಿದ್ದೀರಾ ಗೊತ್ತಾಗ್ಲಿಲ್ಲ. ನನ್ನ ಫೋಟೋಗಳೆಲ್ಲ ತೆಗೆದು ನೋಡಿದೆ. ಎರಡು ಕಿವಿ 😭

ಮೈಸೂರು ಟಾಂಗಾ:

ಫ್ಯೂಷನ್ ಜಗಳ ಅಲ್ಲಿಯೂ ಹಳೇದು. 2018ರಲ್ಲಿ ಆ ಅರಮನೆಗಳು ಬರುವ ಜೊಂಗ್ನೊ ಜಿಲ್ಲೆಯ ಕಚೇರಿಯೇ "ಫ್ಯೂಷನ್ ಬಟ್ಟೆಯವರಿಗೆ ಉಚಿತ ಪ್ರವೇಶ ಯಾಕೆ" ಅಂತ ಎದ್ದಿತ್ತು. 2024ರಲ್ಲಿ ಪರಂಪರೆ ಇಲಾಖೆಯ ಮುಖ್ಯಸ್ಥರೇ ಅರಮನೆ ಸುತ್ತ ಕಾಣುವ ಬಟ್ಟೆ ನಿಜವಾದ ಹನ್‌ಬೋಕ್‌ನಿಂದ ದೂರ ಹೋಗಿದೆ, ಸರಿ ಮಾಡಬೇಕು ಅಂದಿದ್ದರು. ನಡುವೆ 2022ರಲ್ಲಿ ಹನ್‌ಬೋಕ್ ಉಡುವ ಪದ್ಧತಿಯನ್ನೇ ಕೊರಿಯಾ ತನ್ನ ರಾಷ್ಟ್ರೀಯ ಪರಂಪರೆ ಅಂತ ಘೋಷಿಸಿತು. ಬಟ್ಟೆಯನ್ನಲ್ಲ, ಉಡುವ ಪದ್ಧತಿಯನ್ನು. ಅದು ಗಮನಿಸಬೇಕಾದ್ದು.

ಆದರೂ ನನಗೆ ಒಂದು ಮಾತು ಕಾಡುತ್ತದೆ. ಬಟ್ಟೆ ಅಸಲಿ ಅಲ್ಲ ಅನ್ನುತ್ತೇವಲ್ಲ, ಅರಮನೆ ಅಸಲಿಯಾ? ಮೊದಲು ಕಟ್ಟಿದ್ದು 1395ರಲ್ಲಿ. 1592ರ ಜಪಾನ್ ದಾಳಿಯ ಹೊತ್ತಿಗೆ ಸುಟ್ಟು ಹೋಯಿತು. ಸುಮಾರು 270 ವರ್ಷ ಹಾಳು ಬಿದ್ದಿತ್ತು. 1867ರಲ್ಲಿ ಮತ್ತೆ ಕಟ್ಟಿದರು. ಆಮೇಲೆ ಜಪಾನಿನ ಆಳ್ವಿಕೆಯಲ್ಲಿ ಹೆಚ್ಚಿನ ಕಟ್ಟಡ ಕೆಡವಿ, ಸಿಂಹಾಸನದ ಮನೆಯ ಎದುರಿಗೇ ದೊಡ್ಡ ಸರ್ಕಾರಿ ಕಟ್ಟಡ ಎಬ್ಬಿಸಿದರು. ಅದು ಮುಗಿದದ್ದು 1926ರಲ್ಲಿ. ಸ್ವಾತಂತ್ರ್ಯ ಬಂದು 50 ವರ್ಷ ತುಂಬಿದ ದಿನ, 1995ರ ಆಗಸ್ಟ್ 15ಕ್ಕೆ, ಅದನ್ನು ಕೆಡವಲು ಶುರು ಮಾಡಿದರು. ಈಗ ನಾವು ನೋಡುವುದರಲ್ಲಿ ತುಂಬಾ ಭಾಗ 1990ರ ನಂತರ ಮತ್ತೆ ಕಟ್ಟಿದ್ದು. ಹೊಸ ಅರಮನೆಗೆ ಹೊಸ ಬಟ್ಟೆ. ಏನು ತಪ್ಪು?

ದಾರ ಸೂಜಿ (ಹುಬ್ಬಳ್ಳಿ):

ಟಾಂಗಾದವರೇ, ಕಂಬ ಎಲ್ಲಿತ್ತೋ ಹುಡುಕಿ, ಅಳತೆ ನೋಡಿ, ಹಳೆ ಲೆಕ್ಕದಲ್ಲೇ ಕಟ್ಟುತ್ತಿದ್ದಾರೆ. ಅಲ್ಲಿ ಯಾರೂ ತಂತಿ ಬಳೆ ಹಾಕಿಲ್ಲ. ಎರಡೂ ಒಂದೇ ಅಲ್ಲ.

ಮೈಸೂರು ಟಾಂಗಾ:

ಸರಿ, ಆ ಮಾತಿಗೆ ಸೋತೆ.

ಕೊಡಗಿನ ಕಾಫಿ:

ನಾನು ಹೋಗಿಲ್ಲ, ಆದರೆ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ಕುಪ್ಯ (ನಿಲುವಂಗಿ), ಚೇಲೆ (ಸೊಂಟದ ಪಟ್ಟಿ), ಪೀಚೆಕತ್ತಿ ಎಲ್ಲ ನಾವು ಮದುವೆಗೆ, ಹಬ್ಬಕ್ಕೆ ಹಾಕುವ ಬಟ್ಟೆ. ನಾಳೆ ಮಡಿಕೇರಿ ಕೋಟೆ ಮುಂದೆ ಯಾರೋ ಅದನ್ನು ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಟ್ಟರೆ ನನಗೆ ಖುಷಿ ಆಗುತ್ತಾ? ಯೋಚಿಸಿದೆ. ಹಾಕಲಿ ಬಿಡಿ, ಬೇಜಾರಿಲ್ಲ. ಆದರೆ ಚೇಲೆ ಸರಿಯಾಗಿ ಕಟ್ಟಬೇಕು. ಕತ್ತಿ ಎಳೆದು ಜೋಕರ್ ತರಹ ನಿಂತರೆ ಹೊಟ್ಟೆ ಉರಿಯುತ್ತೆ. ಕೊರಿಯಾದವರಿಗೆ ಹೇಗೆ ಅನ್ನಿಸುತ್ತೋ?

ಸುವೋನ್ ಕನ್ನಡಿಗ:

ನನ್ನ ಆಫೀಸಿನವರನ್ನು ಕೇಳಿದ್ದೇನೆ. ಹೊರಗಿನವರು ಹಾಕಿದರೆ ಅವರಿಗೆ ಬೇಜಾರಿಲ್ಲ, ಇಷ್ಟವೇ. ಅವರೇ ವರ್ಷಕ್ಕೆ ಒಂದೆರಡು ಸಲ ಹಾಕಿದರೆ ಜಾಸ್ತಿ. ಮದುವೆ, ಮಗುವಿನ ಮೊದಲ ಹುಟ್ಟುಹಬ್ಬ, ಅವರ ಹೊಸ ವರ್ಷ ಸೊಲ್ಲಾಲ್, ಸುಗ್ಗಿ ಹಬ್ಬ ಚುಸೊಕ್. ಅಂಗಡಿಗೆ ಹೋಗಿ ನೋಡಿ, ಬಾಡಿಗೆಗೆ ತೆಗೆದುಕೊಳ್ಳುವವರಲ್ಲಿ ಕೊರಿಯಾದ ಕಾಲೇಜು ಹುಡುಗಿಯರೂ ಇರುತ್ತಾರೆ. ಒಬ್ಬರು ಹಿರಿಯರು ಮಾತ್ರ ನನಗೆ ನಗುತ್ತಾ ಹೇಳಿದ್ದರು, ರಾಜನ ನಿಲುವಂಗಿ ಹಾಕಿಕೊಂಡು ಐಸ್‌ಕ್ರೀಮ್ ನೆಕ್ಕುತ್ತಾ ಓಡಾಡಬೇಡ ಅಂತ.

ಅದೇ ಹೇಳಿದ್ದು ಒಳ್ಳೇದಾಯ್ತು. ಪರಿಷೆ ಅವರ ಗಂಡನಿಗೆ: ರಾಜನದ್ದು ಕೆಂಪು ನಿಲುವಂಗಿ, ಎದೆಗೆ, ಬೆನ್ನಿಗೆ, ಎರಡೂ ಭುಜಕ್ಕೆ ದುಂಡಗೆ ಡ್ರ್ಯಾಗನ್ ಕಸೂತಿ. ಅದಕ್ಕೆ ಗೊಲ್ಯೊಂಗ್‌ಪೊ ಅನ್ನುತ್ತಾರೆ. ಅದರ ಟೋಪಿಯೇ ಬೇರೆ. ಎಷ್ಟೋ ಜನ ಆ ನಿಲುವಂಗಿಗೆ ಕಪ್ಪು ಅಗಲ ಅಂಚಿನ ಗಾತ್ ಟೋಪಿ ಹಾಕಿಕೊಂಡು ಬರುತ್ತಾರೆ. ಗಾತ್ ಕುದುರೆ ಕೂದಲು, ಬಿದಿರಿನಿಂದ ಮಾಡಿದ್ದು, ಓದಿದ ದೊಡ್ಡ ಮನೆತನದ ಗಂಡಸರು ಹಾಕುತ್ತಿದ್ದದ್ದು. ರಾಜ ಗಾತ್ ಹಾಕಿ ಸಿಂಹಾಸನದ ಮುಂದೆ ನಿಂತರೆ, ನಮ್ಮ ಮಹಾರಾಜರು ದರ್ಬಾರಿಗೆ ಗಾಂಧಿ ಟೋಪಿ ಹಾಕಿದ ಹಾಗೆ. ಇನ್ನೊಂದು, ಅಂಗಳದಲ್ಲಿ ಒಂದೇ ಸಲಕ್ಕೆ ನಲವತ್ತು ರಾಜರು ಇರುತ್ತಾರೆ. ನೆಮ್ಮದಿ ಬೇಕಿದ್ದರೆ ಸುಮ್ನೆ ತಿಳಿ ನೀಲಿ ಉದ್ದ ಕೋಟು ದುರುಮಾಗಿ, ಗಾತ್, ಒಳಗೆ ಬಾಜಿ ಹಾಕಲಿ. ಬಾಜಿ ಅಂದರೆ ತಿನ್ನುವುದಲ್ಲ, ಸಡಿಲ ಪ್ಯಾಂಟು.

ಮಲ್ನಾಡ್ ಮಳೆ:

ನನ್ನದೊಂದು ಕಹಿ ಅನುಭವ ಇದೆ. ಅಂಗಡಿ ಹೆಸರು ಹೇಳಲ್ಲ. 4 ಗಂಟೆಗೆ ತೆಗೆದುಕೊಂಡಿದ್ದೆ. ವಾಪಸ್ ಕೊಡುವಾಗ ಲಂಗದ ಅಂಚಿನ ಲೇಸು ಒಂದು ಗೇಣು ಕಿತ್ತಿದೆ ಅಂತ 30,000 ವಾನ್ ಕೇಳಿದರು. ನಾನು ಹಾಕಿಕೊಳ್ಳುವಾಗಲೇ ಅದು ಹಾಗಿತ್ತಾ, ನಾನೇ ಕಿತ್ತೆನಾ, ನನಗೇ ಗೊತ್ತಿಲ್ಲ. ಸಾಕ್ಷಿ ಇಲ್ಲ. ಮೇಲೆ 20 ನಿಮಿಷ ತಡ ಆಗಿದ್ದಕ್ಕೆ ಬೇರೆ ದುಡ್ಡು. ಭಾಷೆ ಬರಲ್ಲ, ಅನುವಾದದ ಆ್ಯಪ್ ಹಿಡಿದುಕೊಂಡು ಎಷ್ಟು ಜಗಳ ಆಡೋದು? ಕೊಟ್ಟು ಬಂದೆ.

ಸಿಂಹಾಸನದ ಮನೆ ಗುಂಜೊಂಗ್‌ಜೊನ್ ಮುಂದಿನ ಅಂಗಳ ನೋಡಿ. ಅಲ್ಲಿ ಹಾಸಿರುವುದು ಒರಟು ಗ್ರಾನೈಟ್ ಚಪ್ಪಡಿ, ನಯ ಮಾಡಿದ್ದಲ್ಲ. ಲಂಗ ಎಳೆದುಕೊಂಡು ನಡೆದರೆ ಲೇಸು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನದೂ ಅಲ್ಲೇ ಹೋಗಿರಬೇಕು. ಅಂಗಡಿಯಲ್ಲಿ ಬಟ್ಟೆ ಹಾಕಿದ ತಕ್ಷಣ ಕೆಳ ಅಂಚಿನ ವಿಡಿಯೋ ಮಾಡಿಟ್ಟುಕೊಳ್ಳಿ, ಅವರ ಎದುರಿಗೇ. ಹರಿದರೆ ಎಷ್ಟು, ತಡವಾದರೆ ಎಷ್ಟು ಅಂತ ಮೊದಲೇ ಕೇಳಿ.

ಗಿರ್ಮಿಟ್ ಪ್ರಿಯ:

ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಶೌಚಾಲಯ. ತಂತಿ ಬಳೆಯ ಒಳಲಂಗ ಹಾಕಿಕೊಂಡು ಆ ಸಣ್ಣ ಬಾಗಿಲೊಳಗೆ ನುಗ್ಗುವುದು ಗುಡಿಸಲೊಳಗೆ ಕೊಡೆ ಬಿಚ್ಚಿದ ಹಾಗೆ. ನನ್ನ ಹೆಂಡತಿ ಹತ್ತು ನಿಮಿಷ ಆದ ಮೇಲೆ ಹೊರಗೆ ಬಂದು "ಇನ್ನು ನೀರು ಕುಡಿಯಲ್ಲ" ಅಂದಳು. ಅಂಗಡಿಯಿಂದ ಹೊರಡುವ ಮುಂಚೆಯೇ ಮುಗಿಸಿಕೊಂಡು ಹೋಗಿ.

ಹೊಸಬ:

ಸೀರೆಯೂ ಸಾಂಪ್ರದಾಯಿಕ ಉಡುಪೇ ಅಲ್ವಾ? ಸೀರೆ ಉಟ್ಟು ಹೋದರೆ ಫ್ರೀ ಬಿಡಲ್ವಾ? ಮತ್ತೆ ಗಂಡಸರು ಹೆಂಗಸರ ಹನ್‌ಬೋಕ್ ಹಾಕಿದರೆ ನಡೆಯುತ್ತಾ? ನನ್ನ ಗೆಳೆಯ ಬೆಟ್ ಕಟ್ಟಿದ್ದಾನೆ.

ಸುವೋನ್ ಕನ್ನಡಿಗ:

ಸೀರೆಗೆ ಬಿಡಲ್ಲ. ಹನ್‌ಬೋಕ್‌ಗೆ ಮಾತ್ರ. ಅದೂ ಮೇಲಿನದು, ಕೆಳಗಿನದು ಎರಡೂ ಇರಬೇಕು. ಜೀನ್ಸ್ ಮೇಲೆ ಜೊಗೊರಿ ಹಾಕಿದರೆ ಲೆಕ್ಕಕ್ಕಿಲ್ಲ. ದಿನಬಳಕೆಗೆ ಅಂತ ಮಾಡಿದ ಸರಳ ಹನ್‌ಬೋಕ್ ಆದರೂ ಪರವಾಗಿಲ್ಲ.

ಗೆಳೆಯನ ಬೆಟ್ ಗೆಲ್ಲಬಹುದು. ಮೊದಲು ಗಂಡಸರು ಗಂಡಸರದ್ದು, ಹೆಂಗಸರು ಹೆಂಗಸರದ್ದು ಹಾಕಿದರೆ ಮಾತ್ರ ಉಚಿತ ಇತ್ತು. ಅದು ತಾರತಮ್ಯ ಅಂತ ಅಲ್ಲಿನ ಮಾನವ ಹಕ್ಕು ಆಯೋಗ ಹೇಳಿತು. 2019ರ ಜುಲೈನಿಂದ ಆ ಷರತ್ತು ತೆಗೆದರು. ಹುಡುಗಿಯರು ಗಾತ್ ಹಾಕಿಕೊಂಡು ಬರುವುದು ಈಗ ಮಾಮೂಲು.

ಹಾಗೇ ಇನ್ನೆರಡು ಮಾತು. ಚಾಂಗ್‌ದೊಕ್‌ಗುಂಗ್‌ನ ಹಿಂದಿನ ತೋಟಕ್ಕೆ ಬೇರೆ ಟಿಕೆಟ್, ಹನ್‌ಬೋಕ್ ಇದ್ದರೂ ದುಡ್ಡು ಕೊಡಬೇಕು. ಬುಕ್‌ಚೊನ್‌ನ ಹಳೆ ಮನೆಗಳ ಬೀದಿಗೆ ಬಟ್ಟೆ ಹಾಕಿಕೊಂಡು ಫೋಟೋಗೆ ಹೋಗುವವರು ಗಡಿಯಾರ ನೋಡಿ. ಅಲ್ಲಿ ಜನ ವಾಸ ಮಾಡುತ್ತಾರೆ. ಕೆಂಪು ವಲಯ ಅಂತ ಗುರುತು ಮಾಡಿದ ಕಡೆ ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ. 2025ರ ಮಾರ್ಚ್‌ನಿಂದ ತಪ್ಪಿದವರಿಗೆ 1,00,000 ವಾನ್ ದಂಡ.

ಜಿಪುಣ ಪ್ರವಾಸಿ:

ದಂಡದ ದುಡ್ಡಲ್ಲಿ ಐದು ಹನ್‌ಬೋಕ್ ಬಾಡಿಗೆ ಬರುತ್ತೆ. ಸುಮ್ನೆ ಹೇಳಿದೆ.

ಕಡ್ಲೆಕಾಯಿ ಪರಿಷೆ (ಬಸವನಗುಡಿ):

ಹೋಗಿ ಬಂದೆವು! ಇಷ್ಟೊಂದು ಬರೆದಿದ್ದೀರಿ, ವರದಿ ಒಪ್ಪಿಸದಿದ್ದರೆ ತಪ್ಪಾಗುತ್ತದೆ. ಸ್ವಲ್ಪ ಉದ್ದ ಆಗಬಹುದು.

ಗುರುವಾರ ಹೋದೆವು. ಒಂಬತ್ತೂಕಾಲಿಗೆ ಅಂಗಡಿಯಲ್ಲಿದ್ದೆವು. ಅಮ್ಮ ಮೈಸೂರು ಸಿಲ್ಕ್ ಉಟ್ಟು, ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬಂದಿದ್ದರು. "ನೀವು ಹಾಕಿಕೊಳ್ಳಿ, ನಾನು ಬ್ಯಾಗ್ ಕಾಯ್ತೀನಿ" ಅಂತ ಕುರ್ಚಿ ಹಿಡಿದು ಕೂತರು. ಮಗಳು ಓಡಿ ಹೋಗಿ ಅತಿ ಹೊಳೆಯುವ ಗುಲಾಬಿ ಬಣ್ಣದ ಲೇಸಿನದ್ದು ಹಿಡಿದಳು. ನಾನೂ ಒಂದು ಜರಿಯದ್ದು ನೋಡುತ್ತಿದ್ದೆ. ಅಮ್ಮ ಎದ್ದು ಬಂದು ಆ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ತಿಕ್ಕಿದರು. ಸೀರೆ ಅಂಗಡಿಯಲ್ಲಿ ಮಾಡ್ತಾರಲ್ಲ, ಥೇಟ್ ಹಾಗೇ. "ಇದು ಕಿಟಕಿ ಪರದೆ ಬಟ್ಟೆ ಕಣೇ" ಅಂದರು. ಅಂಗಡಿ ಹುಡುಗಿಗೆ ಕನ್ನಡ ಬರಲ್ಲ, ಆದರೆ ಮುಖ ನೋಡಿ ಅರ್ಥ ಆಗಿರಬೇಕು. ಜೋರಾಗಿ ನಕ್ಕಳು.

ನಾನು ದಾರ ಸೂಜಿ ಅಕ್ಕ ಹೇಳಿಕೊಟ್ಟ ಹಾಗೆ "ಜೊಂತೊಂಗ್" ಅಂದೆ. ಅವಳು ಒಳಗಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಬೇರೆಯದೇ ಸಾಲು. ಲೇಸಿಲ್ಲ, ಹೊಳಪಿಲ್ಲ. ಕೊರಳ ಪಟ್ಟಿ ನೋಡಿದೆ ಅಕ್ಕ, ಬೆಳ್ಳಗಿತ್ತು! ಅಮ್ಮ ಒಂದರ ಮೇಲೆ ಒಂದು ಸರಿಸುತ್ತಾ ಹೋಗಿ ಒಂದು ಕಡೆ ನಿಂತರು. ಬೂದು ಮಿಶ್ರಿತ ಹಸಿರು ಲಂಗ, ತಿಳಿ ಕೆನೆ ಬಣ್ಣದ ಜೊಗೊರಿ, ಗೊರುಮ್ ಮಾತ್ರ ಕುಂಕುಮದ ಬಣ್ಣ. "ಇದಾದ್ರೆ ನೋಡಬಹುದು" ಅಂದರು. ವೇಷ, ವಯಸ್ಸು ಎಲ್ಲ ಅಲ್ಲಿಗೆ ಮರೆತರು.

ತಲೆ ಬಾಚುವಾಗ ಒಂದು ತಮಾಷೆ. ಮಗಳಿಗೆ ಜಡೆ ಹೆಣೆದು ತುದಿಗೆ ಕೆಂಪು ರಿಬ್ಬನ್ ಕಟ್ಟಿದರು. ಅದು ಮದುವೆಯಾಗದವರಿಗಂತೆ. ಅಮ್ಮನ ತುರುಬು ನೋಡಿ ಹುಡುಗಿ ಅದನ್ನು ಬಿಚ್ಚಲೇ ಇಲ್ಲ. ಒಂದು ಉದ್ದ ಕಡ್ಡಿ ತಂದು ಅಡ್ಡಲಾಗಿ ಚುಚ್ಚಿದಳು. ಅದರ ಹೆಸರು ಬಿನ್ಯೊ. ಮದುವೆಯಾದವರು ಹಿಂದೆ ಹೀಗೇ ತುರುಬು ಕಟ್ಟುತ್ತಿದ್ದರು ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಳು. ಅಮ್ಮ ಕನ್ನಡಿ ನೋಡಿಕೊಂಡು "ನಮ್ಮಜ್ಜಿ ಹೀಗೇ ಬೆಳ್ಳಿ ಕಡ್ಡಿ ಚುಚ್ಚಿಕೊಳ್ತಿದ್ರು" ಅಂದರು. ನಮ್ಮ ಮುತ್ತಜ್ಜಿಯ ವಿಷಯ ನನಗೆ ಗೊತ್ತಾಗಲು ಸಿಯೋಲ್‌ವರೆಗೆ ಹೋಗಬೇಕಾಯಿತು ನೋಡಿ.

ಮಳೆ ಅವರು ಹೇಳಿದ ಹಾಗೆ ನಾಲ್ಕೂ ಬಟ್ಟೆಯ ಅಂಚಿನ ವಿಡಿಯೋ ಮಾಡಿದೆ. ನನ್ನದರಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿತ್ತು. ತೋರಿಸಿದೆ, ತಕ್ಷಣ ಬದಲಾಯಿಸಿಕೊಟ್ಟರು.

ಹತ್ತು ಗಂಟೆಗೆ ಗ್ವಾಂಗ್‌ಹ್ವಾಮುನ್ ಬಾಗಿಲಲ್ಲಿ ಕಾವಲುಗಾರರು ಬದಲಾಗುವ ಕಾರ್ಯಕ್ರಮ. ನಗಾರಿ ಶುರುವಾಯಿತು. ನಮ್ಮವರು ರಾಜನ ಆಸೆ ಬಿಟ್ಟು ದುರುಮಾಗಿ, ಗಾತ್ ಹಾಕಿದ್ದರು. ಒಳಗೆ ಹೋದರೆ ಸುವೋನ್ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ರಾಜರೇ ರಾಜರು! ಒಬ್ಬ ರಾಜ ಪವರ್ ಬ್ಯಾಂಕ್ ಹುಡುಕುತ್ತಿದ್ದ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಚಿಕ್ಕ ಕಲ್ಲುಗಳಿವೆ. ಯಾವ ದರ್ಜೆಯ ಅಧಿಕಾರಿ ಎಲ್ಲಿ ನಿಲ್ಲಬೇಕು ಅಂತ ಅದರ ಮೇಲೆ ಕೆತ್ತಿದ್ದಾರೆ. ನಮ್ಮವರನ್ನು ಎಲ್ಲಕ್ಕಿಂತ ಕೊನೆಯ ಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಇನ್ನೂ ಕೋಪ ಇಳಿದಿಲ್ಲ.

ನಡೆಯುವ ಬಗ್ಗೆ ಹೇಳಲೇಬೇಕು. ನಾನು, ಮಗಳು ಪದೇ ಪದೇ ಲಂಗ ತುಳಿದು ಮುಗ್ಗರಿಸಿದೆವು. ಅಮ್ಮ ಒಂದು ಸಲವೂ ಮುಗ್ಗರಿಸಲಿಲ್ಲ. ಹೊಸಿಲು ಬಂದ ಕಡೆ, ಮೆಟ್ಟಿಲು ಬಂದ ಕಡೆ ಎಡಗೈಯಲ್ಲಿ ಲಂಗವನ್ನು ಒಂದು ಹಿಡಿ ಎತ್ತಿ, ದಾಟಿ, ಬಿಟ್ಟುಬಿಡುತ್ತಿದ್ದರು. ಅಲ್ಲಿನ ಹೊಸಿಲುಗಳು ಎತ್ತರ, ನಮ್ಮ ಹಳೆ ಮನೆಗಳಲ್ಲಿ ಇದ್ದ ಹಾಗೆ. ಅವರು ಸೀರೆಯಲ್ಲಿ ನಲವತ್ತು ವರ್ಷ ಮಾಡಿದ್ದೇ ಅದು.

ಗ್ಯೊಂಗ್‌ಹೋರು ಹತ್ತಿರ ಕೂತೆವು. ನೀರಿನ ಮಧ್ಯೆ 48 ಕಲ್ಲಿನ ಕಂಬಗಳ ಮೇಲೆ ನಿಂತ ಮಂಟಪ. ಪಕ್ಕದಲ್ಲೇ ಸುಜೊಂಗ್‌ಜೊನ್ ಅಂತ ಕಟ್ಟಡ ಇದೆ. ರಾಜ ಸೆಜೊಂಗ್‌ನ ವಿದ್ವಾಂಸರ ಮಂಡಳಿ ಜಿಪ್‌ಹ್ಯೊನ್‌ಜೊನ್ ಇದ್ದ ಜಾಗ ಅದು. 1443ರಲ್ಲಿ ಆ ರಾಜ ಕೊರಿಯನ್ ಭಾಷೆಯ ಹಂಗುಲ್ ಲಿಪಿ ಮಾಡಿ, 1446ರಲ್ಲಿ ಜನರ ಮುಂದಿಟ್ಟ. ಮಗಳು ಬರುವ ಮುಂಚೆಯೇ ಹಂಗುಲ್ ಅಕ್ಷರ ಕಲಿತಿದ್ದಳು. "ಅಜ್ಜಿ, ನಮ್ಮ ಕಾಗುಣಿತದ ತರಹವೇ, ವ್ಯಂಜನಕ್ಕೆ ಸ್ವರ ಜೋಡಿಸೋದು" ಅಂತ ಬೋರ್ಡ್ ಓದಿ ತೋರಿಸಿದಳು. ಅಷ್ಟರಲ್ಲಿ ಪಕ್ಕದಲ್ಲಿ ಒಂದು ಪುಟ್ಟ ಮಗು "ಅಪ್ಪಾ! ಅಪ್ಪಾ!" ಅಂತ ಅವರಪ್ಪನನ್ನು ಕೂಗಿತು. ಅಮ್ಮ ಥಟ್ಟನೆ ತಿರುಗಿ ನೋಡಿದರು, ಯಾರೋ ಬೆಂಗಳೂರಿನವರು ಅಂದುಕೊಂಡು. ಕೊರಿಯನ್‌ನಲ್ಲೂ ಅಪ್ಪ ಅಪ್ಪನೇ ಅಂತ ಹೇಳಿದರೆ ನಂಬಲೇ ಇಲ್ಲ.

ದುಡ್ಡಿನ ಲೆಕ್ಕ ಜಿಪುಣರಿಗೆ: ನಾಲ್ಕು ಜನಕ್ಕೆ, ತಲೆ ಬಾಚಿದ್ದೂ ಸೇರಿ, 4 ಗಂಟೆಗೆ 82,000 ವಾನ್ ಆಯಿತು. ಸುಮಾರು ಐದು ಸಾವಿರ ರೂಪಾಯಿ. ಟಿಕೆಟ್‌ನಲ್ಲಿ ಉಳಿದದ್ದು ಬರೀ ಇಡ್ಲಿ ವಡೆಗೆ ಆಗುವಷ್ಟು. ಬೇಜಾರಿಲ್ಲ.

ಒಂದು ತಪ್ಪು ಮಾಡಿದೆವು. ಬೆಳಿಗ್ಗೆ ಚಳಿ ಇರುತ್ತೆ ಅಂತ ಯಾರೂ ಯೋಚಿಸಲಿಲ್ಲ. ಹತ್ತು ಡಿಗ್ರಿ ಆಸುಪಾಸು. ಬಟ್ಟೆ ತೆಳ್ಳಗೆ, ಕೆಳಗಿಂದ ಗಾಳಿ ನುಗ್ಗುತ್ತದೆ. ಒಳಗೆ ಬೆಚ್ಚನೆಯ ಲೆಗ್ಗಿಂಗ್ಸ್ ಹಾಕಿಕೊಳ್ಳಿ. ಯಾರಿಗೂ ಕಾಣಲ್ಲ.

ದಾರ ಸೂಜಿ (ಹುಬ್ಬಳ್ಳಿ):

ಕಿಟಕಿ ಪರದೆ ಬಟ್ಟೆ! ನಿಮ್ಮ ಅಮ್ಮನ ಕೈಗೆ ನನ್ನ ನಮಸ್ಕಾರ. ಗೊರುಮ್ ಕಿವಿ ಎಷ್ಟು ಬಂತು, ಅದು ಹೇಳಲಿಲ್ಲ?

ಕಡ್ಲೆಕಾಯಿ ಪರಿಷೆ (ಬಸವನಗುಡಿ):

ಅಂಗಡಿಯವಳು ಕಟ್ಟಿದಾಗ ಒಂದೇ. ಹನ್ನೊಂದರ ಹೊತ್ತಿಗೆ ನನ್ನದು ಬಿಚ್ಚಿಹೋಯಿತು. ನಾನು ಕಟ್ಟಿಕೊಂಡೆ, ಎರಡು ಬಂತು. ಅಮ್ಮ ತಮ್ಮದನ್ನು ಒಮ್ಮೆ ಬಿಚ್ಚಿ, ಅದು ಹೇಗೆ ಬಂದಿದೆ ಅಂತ ನೋಡಿಕೊಂಡು, ಮತ್ತೆ ಕಟ್ಟಿದರು. ಆಮೇಲೆ ನನ್ನದು ಕಟ್ಟಿದರು. ಒಂದೇ ಕಿವಿ.

ಕೆ-ಡ್ರಾಮಾ ಹುಚ್ಚಿ:

ಮುಂದಿನ ಸಲ ಅಮ್ಮನನ್ನು ನನ್ನ ಜೊತೆ ಕಳಿಸಿ. ಟಿಕೆಟ್ ನನ್ನದು.

ಚಿತ್ರದುರ್ಗದ ಗಾಳಿ:

ತುಂಬಾ ಒಳ್ಳೆ ಮಾಹಿತಿ, ಎಲ್ಲರಿಗೂ ಥ್ಯಾಂಕ್ಸ್. ಪೂರ್ತಿ ಓದಲು ಆಗಲಿಲ್ಲ. ನಾವೂ ಹೋಗುತ್ತಿದ್ದೇವೆ, ಎಂಟು ಜನ. ಹನ್‌ಬೋಕ್ ಬುಕ್ ಮಾಡಿ ದುಡ್ಡೂ ಕಟ್ಟಿ ಆಯಿತು. ಮಂಗಳವಾರ ಬೆಳಿಗ್ಗೆ 9ಕ್ಕೆ ಗ್ಯೊಂಗ್‌ಬೋಕ್‌ಗುಂಗ್ ಹತ್ತಿರ. ಬೇರೆ ಏನಾದರೂ ನೋಡಿಕೊಳ್ಳಬೇಕಾ?

ಗಿರ್ಮಿಟ್ ಪ್ರಿಯ:

ಅಯ್ಯೋ.

ಸುವೋನ್ ಕನ್ನಡಿಗ:

ಗಾಳಿಯವರೇ, ಗಾಬರಿ ಆಗಬೇಡಿ. ಅವತ್ತು ಚಾಂಗ್‌ದೊಕ್‌ಗುಂಗ್ ತೆರೆದಿರುತ್ತದೆ. ಬಟ್ಟೆ ಅಲ್ಲೇ ಹಾಕಿಕೊಂಡು ಮೆಟ್ರೋದಲ್ಲಿ ಒಂದೇ ಸ್ಟೇಷನ್, ಆಂಗುಕ್‌ನಲ್ಲಿ ಇಳಿಯಿರಿ. ವಾಪಸ್ ಬರುವ ಹೊತ್ತನ್ನೂ ಬಾಡಿಗೆ ಗಂಟೆಯಲ್ಲಿ ಸೇರಿಸಿಕೊಳ್ಳಿ. ಎಂಟು ಜನ ಅಂದರೆ ತಂತಿ ಬಳೆ ಬೇಡ, ಮೆಟ್ರೋ ಬಾಗಿಲಲ್ಲಿ ಹಿಡಿಸಲ್ಲ.